ಪೇರಲ ತೋಟದ ಮಿಂಚವ್ವ

ಮಗಳು ತಂದಿಟ್ಟ ಪೇರಲ ಬುಟ್ಟಿ ಮೂರು ದಿನದಿಂದ ಅಡುಗೆಮನೆಯ ಮೂಲೆಯಲ್ಲಿ ಕುಳಿತಿದೆ. ಹಣ್ಣಿನ ವಾಸನೆ ಮನೆಯೆಲ್ಲ ತುಂಬಿದೆ, ಆದರೆ ಒಂದನ್ನೂ ಯಾರೂ ಕಚ್ಚಿಲ್ಲ. ಬುಟ್ಟಿಯ ಬಾಯಿಗೆ ಕಟ್ಟಿದ್ದು ಹಗ್ಗವಲ್ಲ, ಸುತಳಿಯೂ ಅಲ್ಲ. ವಿಡಿಯೊ ಕ್ಯಾಸೆಟ್ಟಿನ ಕರಿ ರೀಲು. ಕಿರುಬೆರಳಿನಷ್ಟು ಅಗಲದ ಪಟ್ಟಿ. ಬಿಸಿಲು ತಿಂದು ಕಂದು ಬಣ್ಣಕ್ಕೆ ತಿರುಗಿದೆ. ಆದರೂ ಬೆಳಗಿನ ಹೊತ್ತು ಕಿಟಕಿಯ ಬೆಳಕು ಬಿದ್ದರೆ ಹಾವಿನ ಮೈಯ ಹಾಗೆ ಹೊಳೆಯುತ್ತದೆ.

ಅದನ್ನು ಕಂಡಾಗಿನಿಂದ ಟೀವಿ ಚಾಚಾ ನನ್ನ ಕಣ್ಣ ಮುಂದೆ ನಿಂತಿದ್ದಾರೆ, ಹೋಗು ಎಂದರೂ ಹೋಗುತ್ತಿಲ್ಲ. ನಾನು ಸತ್ತವರನ್ನು ನೆನೆನೆನೆದು ಅಳುವವಳಲ್ಲ. ಗಂಡ ಸತ್ತ ಮೂರನೆಯ ದಿನಕ್ಕೇ ಒಲೆ ಹೊತ್ತಿಸಿ ರೊಟ್ಟಿ ಬಡಿದವಳು. ಆದರೆ ಕೆಲವು ಮಾತು ಡಬ್ಬಿಯಲ್ಲಿ ಮುಚ್ಚಿಟ್ಟ ಹಿಟ್ಟಿದ್ದ ಹಾಗೆ. ಬಹಳ ದಿನ ಇಟ್ಟರೆ ಹುಳ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವರ ಅಂಗಡಿಗೂ ನಮ್ಮ ಮನೆಗೂ ಒಂದೇ ಗೋಡೆ. ಈ ಕಡೆ ನನ್ನ ಒಲೆ, ಆ ಕಡೆ ಅವರ ಮೇಜು. ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ, ಅವರು ಓಣಿಯ ಟೀವಿಗಳನ್ನು ರಿಪೇರಿ ಮಾಡುತ್ತಿದ್ದರು. ನನ್ನ ಹೊಗೆ ಅವರ ಕಡೆ ಹೋಗುತ್ತಿತ್ತು, ಅವರು ಬೆಸುಗೆ ಹಾಕುವಾಗಿನ ರಾಳದ ಹೊಗೆ ನಮ್ಮ ಕಡೆ ಬರುತ್ತಿತ್ತು. ಅದರ ಬಗ್ಗೆ ಇಬ್ಬರೂ ಒಂದು ದಿನವೂ ಜಗಳವಾಡಲಿಲ್ಲ. ನಾವು ಜಗಳವಾಡಿದ್ದು ಬೇರೆಯದಕ್ಕೆ.

ಒಣಕಲು ಮನುಷ್ಯ. ಕನ್ನಡಕದ ಒಂದು ಕಾಲಿಗೆ ತಂತಿ ಸುತ್ತಿರುತ್ತಿತ್ತು. ಐದು ವರ್ಷದ ಮಗುವಿಗೂ ‘ರಿ’ ಹಚ್ಚಿಯೇ ಮಾತಾಡುತ್ತಿದ್ದರು. ಯಾರಾದರೂ ಹಳೆಯ ಟೀವಿ ಹೊತ್ತು ತಂದರೆ ಬೆನ್ನು ಬಿಚ್ಚಿ, ಒಳಗೆ ಇಣುಕಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು, ಇದು ಹೋಗಿ ಬಹಳ ಹೊತ್ತಾಗೇತ್ರಿ, ಮಣ್ಣಿಗೆ ಯಾವಾಗ, ಎಂದು ಕೇಳುತ್ತಿದ್ದರು. ತಂದವರು ನಗಬೇಕೋ ಅಳಬೇಕೋ ತಿಳಿಯದೆ ನಿಲ್ಲುತ್ತಿದ್ದರು. ಆಮೇಲೆ ಹೇಗೋ ಅದಕ್ಕೆ ಜೀವ ತುಂಬಿ ಕಳಿಸುತ್ತಿದ್ದರು. ಒಳ್ಳೆಯ ಕೆಲಸಗಾರ. ಅದರಲ್ಲಿ ಎರಡು ಮಾತಿಲ್ಲ.

ಇಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಹುಚ್ಚು ಹಿಡಿಯಿತು. ಹುಚ್ಚು ಹಿಡಿಸಿದ್ದು ಕಾರ್ಟೂನಿನ ಒಂದು ಚಿತ್ರದ ಗೊಂಬೆ.

ಹೊರದೇಶದ ಒಂದು ಚಾನೆಲ್ಲು ಕೆಲವು ತಿಂಗಳು ನಮ್ಮ ಕೇಬಲ್ಲಿನಲ್ಲಿ ಬಂದು ಹೋಯಿತು. ಅದರಲ್ಲಿ ಭಾನುವಾರ ಮುಂಜಾನೆ ಈ ಗೊಂಬೆಯ ಕಥೆ. ಒಬ್ಬ ಹುಡುಗಿ. ಹಗಲೆಲ್ಲ ಚಹದಂಗಡಿಯಲ್ಲಿ ಕಪ್ಪು ತೊಳೆಯುತ್ತಾಳೆ ಎಂದು ಕಥೆ ಹೇಳುತ್ತದೆ. ಒಂದು ಕಪ್ಪನ್ನಾದರೂ ಪೂರ್ತಿ ತೊಳೆದದ್ದನ್ನು ನಾನು ನೋಡಲಿಲ್ಲ. ಕೈಗೆ ಸಾಬೂನು ಹತ್ತುವುದರೊಳಗೆ ಎಲ್ಲೋ ಸಿಡಿಲು ಹೊಡೆಯುತ್ತದೆ, ಇವಳು ನೇರಳೆ ಬಣ್ಣದ ಸೆರಗಿನಂಥದ್ದೊಂದನ್ನು ಬೆನ್ನಿಗೆ ಬಿಟ್ಟುಕೊಂಡು ಕಿಟಕಿಯಿಂದ ಹಾರಿಬಿಡುತ್ತಾಳೆ. ಸೊಂಟ ನನ್ನ ಮುಂಗೈಯಷ್ಟು. ಕಣ್ಣು ರೊಟ್ಟಿಯಷ್ಟಗಲ. ಆ ಸೊಂಟ ಇಟ್ಟುಕೊಂಡು ರೈಲು ಎತ್ತುತ್ತಾಳೆ. ಕಟ್ಟಡ ಒಡೆದು ಬೀಳಿಸುತ್ತಾಳೆ, ಬಿದ್ದ ಕಲ್ಲು ಮಣ್ಣು ಬಳಿಯುವವರು ಯಾರು ಎಂದು ಅದರಲ್ಲಿ ಎಲ್ಲೂ ತೋರಿಸುವುದಿಲ್ಲ. ಉಣ್ಣುವುದಿಲ್ಲ, ಮಲಗುವುದಿಲ್ಲ, ಬಟ್ಟೆ ಕೊಳೆಯಾಗುವುದಿಲ್ಲ. ಬುದ್ಧಿ ಇದ್ದವರು ಇದನ್ನು ನೋಡುತ್ತಾರೆಯೆ?

ಚಾಚಾ ಯಾರದೋ ಟೀವಿ ಪರೀಕ್ಷೆ ಮಾಡುವಾಗ ಇದನ್ನು ಮೊದಲು ನೋಡಿದರಂತೆ. ಕೈಯಲ್ಲಿನ ಸ್ಕ್ರೂಡ್ರೈವರು ಕೈಯಲ್ಲೇ ಉಳಿಯಿತಂತೆ. ಮುಂದಿನ ಭಾನುವಾರದಿಂದ ಪ್ರತಿಯೊಂದನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದರು. ಹೀಗೆ ಒಂಬತ್ತು ಕ್ಯಾಸೆಟ್ಟು ತುಂಬುವುದರೊಳಗೆ ಚಾನೆಲ್ಲು ಮಾಯವಾಯಿತು. ಕಥೆ ಅರ್ಧಕ್ಕೇ ನಿಂತಿತು. ಆ ದೇಶದಲ್ಲೂ ಅದು ಅರ್ಧಕ್ಕೇ ನಿಂತದ್ದಂತೆ. ಮುಗಿಯದ ಕಥೆಯಾದ್ದರಿಂದಲೇ ಜನ ಅದನ್ನು ಬಿಡಲಿಲ್ಲ ಎಂದು ಚಾಚಾ ಹೇಳುತ್ತಿದ್ದರು. ಮುಗಿದದ್ದನ್ನು ಜನ ಮರೆಯುತ್ತಾರೆ...

ಅಲ್ಲಿಗೇ ಬಿಟ್ಟಿದ್ದರೆ ನನಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ. ಆದರೆ ಗೊಂಬೆ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು, ಓಣಿಯ ಹುಡುಗಿಯರಿಗೆ ತಿಳಿಯುತ್ತಿರಲಿಲ್ಲ. ಚಾಚಾನ ಹತ್ತಿರ ಒಂದು ಯಂತ್ರವಿತ್ತು. ಕ್ಯಾಸೆಟ್ಟಿನ ಚಿತ್ರವನ್ನು ಹಾಗೇ ಬಿಟ್ಟು, ಮಾತನ್ನಷ್ಟೇ ಅಳಿಸಿ, ಆ ಜಾಗದಲ್ಲಿ ಬೇರೆ ಮಾತು ತುಂಬುವ ಗುಂಡಿ ಅದರಲ್ಲಿತ್ತು. ಮದುವೆ ಮನೆಯ ಲೌಡ್‌ಸ್ಪೀಕರಿನ ಮೈಕು ಒಂದನ್ನು ಅದಕ್ಕೆ ಜೋಡಿಸಿದರು. ಗೊಂಬೆಗೆ ಮಿಂಚವ್ವ ಎಂದು ಹೆಸರಿಟ್ಟರು. ಕಳ್ಳರು, ರಾಕ್ಷಸರು, ಪೊಲೀಸರು, ನಾಯಿ, ಎಲ್ಲದಕ್ಕೂ ತಾವೇ ಗಂಟಲು ಬದಲಿಸಿದರು. ಮಿಂಚವ್ವನ ಮಾತಿಗೆ ಗೋಡೆಯ ಈ ಕಡೆಯ ನನ್ನ ಮಗಳನ್ನು ಕರೆದರು.

ಆಗ ಅವಳಿಗೆ ಹದಿನೈದು. ಮನೆಯಲ್ಲಿ ಬಾಯಿ ಬಿಡದ ಹುಡುಗಿ. ಊಟಕ್ಕೆ ಕರೆದರೆ ಬಂದು ಕೂಡುವಳು, ಇನ್ನೊಂದು ಬೇಕೆ ಎಂದರೆ ತಲೆಯಾಡಿಸುವಳು. ಮೈಕಿನ ಮುಂದೆ ಅವಳಿಗೆ ಎಲ್ಲಿಂದ ಬರುತ್ತಿತ್ತೋ ಆ ಗಂಟಲು. ನಮ್ಮ ನಳದ ಮುಂದಿನ ಜಗಳದ ಭಾಷೆಯನ್ನೆಲ್ಲ ಎತ್ತಿ ಆ ಗೊಂಬೆಯ ಬಾಯಿಗೆ ಹಾಕಿದಳು. ಎಂಟು ದಿನಕ್ಕೊಮ್ಮೆ ನೀರು ಬಂದಾಗ ಹೆಂಗಸರು ಕೊಡಗಳ ಸಾಲಿನಲ್ಲಿ ಬೈದಾಡುವ ಮಾತಿನಲ್ಲೇ ಮಿಂಚವ್ವ ಆಕಾಶದಲ್ಲಿ ನಿಂತು ರಾಕ್ಷಸನಿಗೆ ಬೈಯುತ್ತಿದ್ದಳು.

ಅದಲ್ಲದೆ ಒಂದು ದಿನ ಚಾಚಾ ನಮ್ಮ ಬಾಗಿಲಿಗೆ ಬಂದು, ಭಾನುವಾರ ನೀವು ಎಷ್ಟು ಗಂಟೆಗೆ ರೊಟ್ಟಿ ಬಡಿಯುತ್ತೀರಿ ಎಂದು ಕೇಳಿದರು. ಸದ್ದು ತೊಂದರೆ ಕೊಡುತ್ತದೆಯೇನೋ ಎಂದುಕೊಂಡು ನಾನು ಮುಖ ಗಂಟು ಹಾಕಿದೆ. ತೊಂದರೆಯಲ್ಲವಂತೆ. ಹೊಡೆದಾಟದ ಸದ್ದು ಬೇಕಾಗಿದೆಯಂತೆ. ಗೋಡೆಯಾಚೆ ನನ್ನ ಅಂಗೈ ಕಲ್ಲಿನ ಮೇಲೆ ಹಿಟ್ಟನ್ನು ಬಡಿಯುವ ಸದ್ದು ಮೈಕಿನಲ್ಲಿ ಕೇಳಿದರೆ, ಮಿಂಚವ್ವ ರಾಕ್ಷಸನ ಕಪಾಳಕ್ಕೆ ಬಾರಿಸಿದ ಹಾಗೇ ಇರುತ್ತದಂತೆ. ನಿಮ್ಮ ಕೈ ಬಿದ್ರ ಎಂಥ ರಾಕ್ಷಸನೂ ಏಳಂಗಿಲ್ರಿ ಅಕ್ಕಾರ, ಎಂದರು. ನನಗೆ ನಗು ಬರಲಿಲ್ಲ. ಆದರೂ ಹೊತ್ತು ಹೇಳಿದೆ. ಆಮೇಲಿನ ಹೊಡೆದಾಟಗಳನ್ನೆಲ್ಲ ಅವರು ನನ್ನ ರೊಟ್ಟಿಯ ಹೊತ್ತಿಗೆ ನೋಡಿಕೊಂಡು ತುಂಬಿದರು.

ಇದು ತಯಾರಾದ ಮೇಲೆ ಭಾನುವಾರ ಮುಂಜಾನೆ ಅಂಗಡಿಯಲ್ಲೇ ಎಲ್ಲರಿಗೂ ತೋರಿಸತೊಡಗಿದರು, ಭಾನುವಾರಗಳು ನಮ್ಮ ಓಣಿಯವಾಗಿ ಉಳಿಯಲಿಲ್ಲ. ವಿದ್ಯಾನಗರದ ಹಾಸ್ಟೆಲಿನ ಹುಡುಗಿಯರು ಬರತೊಡಗಿದರು. ಬ್ಯಾಂಕಿನ ಗುಮಾಸ್ತರು ಬಂದರು. ಧಾರವಾಡದಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಅವರಲ್ಲಿ ಒಬ್ಬಳು ಸಂಗೀತದ ಮನೆತನದವಳು, ಭಾನುವಾರ ಮುಂಜಾನೆ ತಂಬೂರಿ ಹಿಡಿದು ಕೂಡಬೇಕಾದವಳು. ಅವಳು ಪುಟ್ಟ ಟೇಪ್‌ರೆಕಾರ್ಡರು ಹಿಡಿದು ಮುಂದೆಯೇ ಕೂಡುತ್ತಿದ್ದಳು. ಅಂಗಡಿ ತುಂಬಿ, ಮೆಟ್ಟಿಲು ತುಂಬಿ, ನಮ್ಮ ಕಟ್ಟೆಯ ಮೇಲೂ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಅದೇ ಒಂಬತ್ತು ಕ್ಯಾಸೆಟ್ಟು. ಅದನ್ನೇ ಮತ್ತೆ ಮತ್ತೆ. ಮಿಂಚವ್ವ ಏನು ಹೇಳುತ್ತಾಳೆಂದು ಅವಳಿಗಿಂತ ಮೊದಲೇ ಎಲ್ಲರೂ ಸೇರಿ ಹೇಳಿಬಿಡುತ್ತಿದ್ದರು. ಭಜನೆಗೆ ಕೂಡಿದವರ ಹಾಗೆ. ದೇವರಿಗಾದರೂ ಒಂದು ಪ್ರಸಾದವಿರುತ್ತದೆ, ಇಲ್ಲಿ ಅದೂ ಇಲ್ಲ.

ನಾನು ಒಮ್ಮೆ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೆ. ಇದರಲ್ಲಿ ಏನಿದೆ, ಇಷ್ಟು ಜನರನ್ನು ಎಳೆಯುವಂಥದ್ದು? ರೈಲು ಎತ್ತುವುದಕ್ಕಾಗಿ ಬಂದವರು ಯಾರೂ ಇರಲಿಲ್ಲ. ಅದು ನನಗೆ ಆವತ್ತೇ ತಿಳಿಯಿತು. ಪ್ರತಿ ಕಥೆಯಲ್ಲೂ ಸಿಡಿಲು ಹೊಡೆದಾಗ ಚಹದಂಗಡಿಯ ಮುದುಕಿ, ಆ ಹುಡುಗಿಯ ಚಿಕ್ಕಮ್ಮನಂತೆ, ಎಲ್ಲಿಗೆ ಹೊಂಟಿ ಎಂದು ಕೇಳುತ್ತಾಳೆ. ಮಿಂಚವ್ವ ಕಿಟಕಿಯ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡುತ್ತಾಳೆ. “ಎಲ್ಲಿಗೆ ಅಂತ ಕೇಳಬ್ಯಾಡ. ಬಂದ ಮ್ಯಾಲೆ ಹೇಳತೇನಿ.” ಇಷ್ಟೇ ಮಾತು. ಚಾಚಾ ಹೊಸೆದ ಮಾತು, ನನ್ನ ಮಗಳ ಗಂಟಲು. ಇಷ್ಟು ಹೇಳಿದ ಕೂಡಲೇ ಅಂಗಡಿಯೊಳಗಿನ ಹುಡುಗಿಯರೆಲ್ಲ ಸಿಳ್ಳೆ ಹೊಡೆಯುತ್ತಿದ್ದರು. ಮುದುಕಿ ಸುಮ್ಮನಾಗುತ್ತಿದ್ದಳು. ಎರಡನೆಯ ಸಲ ಕೇಳುತ್ತಿರಲಿಲ್ಲ.

ಅದಕ್ಕಾಗಿ ಬರುತ್ತಿದ್ದರು. ಎರಡನೆಯ ಸಲ ಯಾರೂ ಕೇಳದ ಒಂದು ಹುಡುಗಿಯನ್ನು ನೋಡಲು ಧಾರವಾಡದಿಂದ ಬಸ್ಸು ಹಿಡಿದು ಬರುತ್ತಿದ್ದರು.

ನನಗೆ ಆ ಮಾತು ಮುಳ್ಳಾಯಿತು. ಯಾಕೆಂದರೆ ಅದು ಪರದೆಯಲ್ಲೇ ಉಳಿಯಲಿಲ್ಲ. ಓಣಿಯ ಪ್ರತಿ ಹುಡುಗಿಯೂ ತನ್ನ ತಾಯಿಗೆ ಅದನ್ನೇ ಹೇಳತೊಡಗಿದಳು. ಅಂಗಡಿಗೆ ಹೋಗುವವಳೂ ಅದೇ, ಟ್ಯೂಷನ್ನಿಗೆ ಹೋಗುವವಳೂ ಅದೇ. ತಾಯಂದಿರು ನನ್ನ ಬಾಗಿಲಿಗೆ ಬಂದರು. ಎಲ್ಲಾ ನಿನ್ನ ಮಗಳು ಕಲಿಸಿದ್ದು ಎಂದರು. ಖರೇನೇ. ಗಂಟಲು ಅವಳದೇ ಆಗಿತ್ತಲ್ಲ. ನಾನು ಗೋಡೆ ದಾಟಿ ಹೋಗಿ ಚಾಚಾನ ಮುಂದೆ ನಿಂತು ಬಾಯಿಗೆ ಬಂದದ್ದನ್ನು ಅಂದೆ. ಗಂಡಿಲ್ಲದ ಮನೆಯ ಹುಡುಗಿಗೆ ಮೈಕು ಕೊಟ್ಟು ಊರಿಗೆಲ್ಲ ಕೇಳಿಸುತ್ತೀರಿ, ನಾಳೆ ಅವಳನ್ನು ಯಾರು ಒಯ್ಯುತ್ತಾರೆ, ನೀವೇ ಹುಡುಕಿ ಕೊಡುತ್ತೀರಾ ಎಂದೆ.

ಅವರು ಬೆಸುಗೆಯ ಕಡ್ಡಿ ಕೆಳಗಿಟ್ಟು, ಸಿಟ್ಟಿಗೇಳದೆ ಹೇಳಿದರು. “ಒಯ್ಯೂದ್ಯಾಕ್ರಿ ಅಕ್ಕಾರ. ಆಕಿ ಏನು ಟೀವಿ ಏನ್ರಿ?”

ಉತ್ತರ ಹೊಳೆಯದಿದ್ದಾಗ ಮನುಷ್ಯನಿಗೆ ಸಿಟ್ಟು ಹೆಚ್ಚು. ಅದನ್ನು ಮನೆಗೆ ತಂದು ಇಟ್ಟುಕೊಂಡೆ.

ಆ ವರ್ಷ ಮಳೆ ಜೋರು. ಚಾಚಾನ ಅಂಗಡಿಯ ತಗಡು ಸೋರತೊಡಗಿತು. ಕ್ಯಾಸೆಟ್ಟಿಗೆ ಥಂಡಿ ಹಿಡಿದರೆ ಬೂಷ್ಟು ಬರುತ್ತದೆ, ಓಣಿಯಲ್ಲಿ ಒಣ ಜಾಗ ಎಂದರೆ ನಿಮ್ಮ ಒಲೆಯ ಮೇಲಿನ ಹಲಗೆ ಒಂದೇ ಎಂದು ಹೇಳಿ, ಒಂಬತ್ತನ್ನೂ ಒಂದು ಬುಟ್ಟಿಯಲ್ಲಿ ಹಾಕಿ ಮಗಳ ಕೈಯಲ್ಲಿ ನಮ್ಮ ಮನೆಗೆ ಕಳಿಸಿದರು. ನಾನು ಅಷ್ಟು ಬೈದ ಮೇಲೂ ಕಳಿಸಿದರು. ಇವಳ ಮನೆಯಲ್ಲಿ ಇಟ್ಟರೆ ಕಾಯುತ್ತಾಳೆ ಎಂದುಕೊಂಡರೋ ಏನೋ... ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಮಳೆ ನಿಂತ ಮೇಲೆ ಪೇರಲ ಕಾಲ ಬಂತು. ನವಲೂರಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುತ್ತಿದ್ದಳು. ಪ್ರತಿ ವರ್ಷ ಕಾಯಿ ಬಲಿಯುವ ಹೊತ್ತಿಗೆ ಅವಳು ಮನೆಮನೆಗೆ ನಿಂತು, ಹಾಳಾದ ಕ್ಯಾಸೆಟ್ಟು ಇದ್ದರೆ ಕೊಡ್ರಿ ಎಂದು ಕೇಳುತ್ತಿದ್ದಳು. ಒಳಗಿನ ರೀಲು ಹಿರಿದು ಗಿಡದಿಂದ ಗಿಡಕ್ಕೆ ಬಿಗಿಯಾಗಿ ಕಟ್ಟಿದರೆ, ಬಿಸಿಲಿಗೆ ಹೊಳೆಯುತ್ತದೆ, ಗಾಳಿ ಬಿಟ್ಟರೆ ಗುಂಯ್ ಎನ್ನುತ್ತದೆ, ಗಿಳಿ ಹತ್ತಿರ ಸುಳಿಯುವುದಿಲ್ಲ. ಹರಿದ ಹಾಡಿನ ಕ್ಯಾಸೆಟ್ಟು, ಬಿಟ್ಟು ಹೋದ ಸೊಸೆಯ ಮದುವೆಯ ಕ್ಯಾಸೆಟ್ಟು, ಎಲ್ಲ ಅವಳ ತೋಟಕ್ಕೆ ಹೋಗುತ್ತಿದ್ದವು. ಕೊಟ್ಟವರ ಉಡಿಗೆ ಅವಳು ಪೇರಲ ಹಾಕುತ್ತಿದ್ದಳು.

ತಗಡು ಸರಿಯಾಗುವವರೆಗೆ ಅಂಗಡಿಯಲ್ಲಿ ಮಿಂಚವ್ವನ ಆಟ ನಿಂತಿತ್ತು, ಆದರೂ ಮಗಳು ವಯರು ಹಚ್ಚುವುದನ್ನು ಕಲಿಯಲೆಂದು ಆ ಕಡೆ ಹೋಗುತ್ತಲೇ ಇದ್ದಳು. ಒಂದು ಭಾನುವಾರ ಮುಂಜಾನೆ ನನಗೆ ಒಂದು ಮದುವೆಯ ರೊಟ್ಟಿ ಇತ್ತು. ಕೈ ಸಾಲದು, ಇದೊಂದು ಭಾನುವಾರ ಆ ಕಡೆ ಹೋಗಬೇಡ ಎಂದು ಮಗಳಿಗೆ ಹಿಂದಿನ ದಿನವೇ ಹೇಳಿದ್ದೆ. ಅವಳು ಒಂದು ಬುಟ್ಟಿಯಷ್ಟು ಬೇಯಿಸಿಕೊಟ್ಟು ಕೈ ತೊಳೆದು ಎದ್ದಳು. ಎಲ್ಲಿಗೆ ಎಂದೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಅದೇ ಗಂಟಲು, ಅದೇ ಮಾತು. ಕೇಳಬ್ಯಾಡ, ಬಂದ ಮ್ಯಾಲೆ ಹೇಳತೇನಿ. ಹೋದಳು.

ನಾನು ಆ ಚಹದಂಗಡಿಯ ಮುದುಕಿಯ ಹಾಗೆ ಸುಮ್ಮನೆ ಕುಳಿತಿದ್ದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

ಅದೇ ಹೊತ್ತಿಗೆ ಪೇರಲದವಳು ಬಾಗಿಲಿಗೆ ಬಂದಳು. ಹಾಳಾದದ್ದು ಏನಾದರೂ ಐತೇನವ್ವಾ ಎಂದಳು. ನಾನು ಎದ್ದು, ಹಲಗೆಯ ಮೇಲಿನ ಬುಟ್ಟಿ ಇಳಿಸಿ, ಒಂಬತ್ತನ್ನೂ ಅವಳ ಸೆರಗಿಗೆ ಹಾಕಿದೆ. ಇಷ್ಟೊಂದು ಛಲೋ ಅದಾವಲ್ಲ, ಖರೇನೇ ಕೊಡ್ತೀ ಎಂದು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಹೂಂ ಎಂದೆ.

ತಪ್ಪಿ ಕೊಟ್ಟೆ ಎಂದು ಇಲ್ಲಿ ಬರೆಯಬಹುದಿತ್ತು. ನನಗೆ ಅಕ್ಷರ ಕಡಿಮೆ, ಬೇರೆ ಕ್ಯಾಸೆಟ್ಟು ಎಂದುಕೊಂಡೆ ಎಂದರೆ ಓದುವವರು ನಂಬುತ್ತಿದ್ದರು. ಆದರೆ ಅದು ಸುಳ್ಳು. ಪ್ರತಿಯೊಂದರ ಬೆನ್ನ ಮೇಲೂ ಮಗಳು ನೇರಳೆ ಬಣ್ಣದ ಪೆನ್ನಿನಲ್ಲಿ ಮಿಂಚಿನ ಚಿತ್ರ ಬರೆದಿದ್ದಳು. ಕುರುಡಿಗೂ ಗೊತ್ತಾಗುವಂತಿತ್ತು. ನಾನು ತಪ್ಪು ಮಾಡಿದ್ದು ಬೇರೆ. ಹಾಳಾದರೆ ಏನಾಯಿತು, ಚಾಚಾ ಇನ್ನೊಂದು ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಇಂದಿನ ರೊಟ್ಟಿ ಹೊತ್ತಿದರೆ ನಾಳೆ ಬಡಿಯುವುದಿಲ್ಲವೆ? ನನಗೆ ಗೊತ್ತಿದ್ದ ಕೆಲಸ ಅದೊಂದೇ. ಮತ್ತೆ ಮಾಡಲಾಗದಂಥದ್ದೂ ಲೋಕದಲ್ಲಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚಾನೆಲ್ಲು ಹೋಗಿತ್ತು. ಇಂಗ್ಲಿಷಿನ ಮಾತು ಅಳಿಸಿ ಅದರ ಮೇಲೆಯೇ ಕನ್ನಡ ತುಂಬಿದ್ದರಿಂದ ಬೇರೆ ಪ್ರತಿ ಇರಲಿಲ್ಲ. ಅದೆಲ್ಲ ಆಮೇಲೆ ತಿಳಿಯಿತು.

ಎರಡು ದಿನ ಬಿಟ್ಟು ತಗಡು ದುರಸ್ತಿಯಾಯಿತು, ಚಾಚಾ ಕ್ಯಾಸೆಟ್ಟು ಕೇಳಲು ಬಂದರು. ಮಗಳು ಸಾಲೆಗೆ ಹೋಗಿದ್ದಳು. ಕೊಟ್ಟುಬಿಟ್ಟೆ ಎಂದೆ. ಯಾರಿಗೆ ಎಂದರು. ಹೇಳಿದೆ. ಅವರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು, ಸತ್ತ ಟೀವಿಯ ಮುಂದೆ ಹಿಡಿಯುತ್ತಿದ್ದ ಹಾಗೆ. ಆವತ್ತು ಅದು ತಮಾಷೆಯಾಗಿರಲಿಲ್ಲ. ಯಾವ ತೋಟ ಎಂದು ಕೇಳಿಕೊಂಡು ಸೈಕಲ್ಲು ಹತ್ತಿ ನವಲೂರಿಗೆ ಹೋದರು.

ಮಧ್ಯಾಹ್ನ ತಿರುಗಿ ಬಂದಾಗ ಕೈಗೆ ಒಂದು ಮೊಳ ರೀಲು ಸುತ್ತಿಕೊಂಡಿದ್ದರು. ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದರು.

“ಕತ್ತರಿಸಿ ಗಿಡದ ಸಾಲಿಗೆಲ್ಲಾ ಕಟ್ಯಾರ್ರಿ ಅಕ್ಕಾರ,” ಎಂದರು. “ಗಾಳಿ ಬಿಟ್ರ ಗುಂಯ್ ಅಂತಾವ. ಗಿಳಿ ಒಂದೂ ಇಲ್ಲ. ಮಿಂಚವ್ವಗ ನೌಕರಿ ಸಿಕ್ತು ಬಿಡ್ರಿ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಸರಿಹೋಗುತ್ತಿತ್ತು. ಅವರು ಬೈಯಲಿಲ್ಲ. ಹುಡುಗಿಗೆ ನಾನು ಹೇಳುತ್ತೇನೆ, ನೀವು ಸುಮ್ಮನಿರಿ ಎಂದರು. ಏನು ಹೇಳುತ್ತೀರಿ ಎಂದು ಕೇಳಿದೆ. “ನೀವು ತಾಯಿ ಅದೀರಿ. ಮನ್ಯಾಗ ಒಂದ ಒಲಿ. ನನ್ನ ಮ್ಯಾಲೆ ಸಿಟ್ಟಾದ್ರ ಗ್ವಾಡಿ ಐತಿ ನಡುವ.” ಅಷ್ಟು ಹೇಳಿ ಎದ್ದರು.

ಸಂಜೆ ಮಗಳು ಸಾಲೆಯಿಂದ ಬಂದಾಗ ಅವಳನ್ನು ಕರೆದು, ಒಂದು ಮದುವೆಯ ವಿಡಿಯೊಗೆ ಖಾಲಿ ಕ್ಯಾಸೆಟ್ಟು ಸಿಗಲಿಲ್ಲ, ನಿಮ್ಮ ತಾಯಿಯ ಹತ್ತಿರ ಇಸಕೊಂಡು ಮಿಂಚವ್ವನ ಮೇಲೆ ಮದುವೆ ತುಂಬಿಬಿಟ್ಟೆ ಎಂದರು. ಒಂಬತ್ತೂ ಎಂದರು. ಅವಳು ನಂಬಲಿಲ್ಲ. ಓಡಿ ಬಂದು ನನ್ನ ಮುಖ ನೋಡಿದಳು. ಯವ್ವಾ, ಖರೇನ? ಎಂದಳು.

ನಾನು ತಲೆಯಾಡಿಸಿದೆ. ಬಾಯಿಂದ ಒಂದು ಮಾತೂ ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಕತ್ತಿನಿಂದ ಹೇಳಿದರೂ ಸುಳ್ಳು ಸುಳ್ಳೇ.

ಅವಳು ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಚಾಚಾ ಎದುರಿಗೆ ಬಂದರೆ ಓಣಿಯ ಆ ಬದಿಗೆ ಸರಿಯುತ್ತಿದ್ದಳು. ಭಾನುವಾರದ ಜನ ಒಂದೆರಡು ವಾರ ಬಂದು, ನಿಂತು, ಬೈದು ಹೋದರು. ಒಬ್ಬ ಗುಮಾಸ್ತ ಅವರ ಮುಖದ ಮೇಲೇ, ಹುಂಬ ಮನುಷ್ಯಾ ಎಂದ. ಚಾಚಾ ಹೌದ್ರಿ, ಬುದ್ಧಿ ಕಡಿಮಿ ಐತ್ರಿ ಎಂದು ಅವನಿಗೂ ‘ರಿ’ ಹಚ್ಚಿ ಕಳಿಸಿದರು. ನಾನು ಗೋಡೆಯ ಈ ಕಡೆ ರೊಟ್ಟಿ ಬಡಿಯುತ್ತಿದ್ದೆ. ಜೋರಾಗಿ ಬಡಿದೆ, ಕೇಳಿಸದಿರಲಿ ಎಂದು.

ಆಮೇಲೆ ವರ್ಷಗಳು ಹೋದವು. ಮಗಳನ್ನು ಮದುವೆ ಮಾಡಿ ಕೊಟ್ಟೆ. ಒಯ್ದವರು ತಿರುಗಿ ಕಳಿಸಿದರು, ಅದರ ಕಥೆ ಇಲ್ಲಿ ಬೇಡ. ಈಗ ಅವಳು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಪಂಪಿನ ಸ್ಟಾರ್ಟರುಗಳಿಗೆ ಬೆಸುಗೆ ಹಾಕುತ್ತಾಳೆ. ಹತ್ತು ಹೆಂಗಸರ ಮೇಲ್ವಿಚಾರಣೆ ಅವಳದೇ. ಆ ಕೈಗೆಲಸ ಎಲ್ಲಿ ಕಲಿತೆ ಎಂದು ಅಲ್ಲಿ ಕೇಳಿದರೆ, ಓಣಿಯಲ್ಲಿ ಎನ್ನುತ್ತಾಳಂತೆ. ಯಾರ ಹತ್ತಿರ ಎಂದು ಹೇಳುವುದಿಲ್ಲವಂತೆ. ಚಾಚಾನ ಮೇಜಿನ ಮೇಲೆಯೇ ಅವಳು ಮೊದಲ ವಯರು ಹಚ್ಚಿದ್ದು, ಮೈಕು ಜೋಡಿಸುವ ದಿನಗಳಲ್ಲಿ.

ಟೀವಿಗಳು ಹಾಳೆಯ ಹಾಗೆ ತೆಳ್ಳಗಾದವು. ಬೆನ್ನು ಬಿಚ್ಚಿ ಇಣುಕುವಂಥದ್ದು ಏನೂ ಉಳಿಯಲಿಲ್ಲ. ಚಾಚಾ ಅಂಗಡಿ ಮುಚ್ಚಿದರು, ಆಮೇಲೆ ಹಾಸಿಗೆ ಹಿಡಿದರು. ನಾಲ್ಕು ವರ್ಷದ ಹಿಂದೆ ಹೋದರು. ನಾನು ಹೋಗಿ ಅವರ ಬಾಗಿಲಲ್ಲಿ ಹೆಂಗಸರ ನಡುವೆ ಕುಳಿತೆ. ಅವರ ಹೆಂಡತಿ ಚಾಚಿ ಅಷ್ಟು ದುಃಖದಲ್ಲೂ ಹುಡುಗಿ ಬರಲಿಲ್ಲವೇ ಎಂದು ಕೇಳಿದರು. ಕೆಲಸಕ್ಕೆ ರಜೆ ಸಿಗಲಿಲ್ಲ ಎಂದೆ. ಅವಳು ಮನೆಯಲ್ಲೇ ಇದ್ದಳು, ಅಕ್ಕಿ ಆರಿಸುತ್ತಿದ್ದಳು. ಸತ್ತವರ ಮೇಲೆ ಇನ್ನೂ ಏನು ಸಿಟ್ಟು, ಒಂದು ಸಲ ಬಾ ಎಂದು ನಾನು ಕರೆದಿದ್ದೆ. ನನ್ನ ಗಂಟಲನ್ನೇ ಒರೆಸಿ ಹಾಕಿದವರು ಅವರು ಯವ್ವಾ ಎಂದು, ತಲೆಯೆತ್ತದೆ ಅಕ್ಕಿ ಆರಿಸಿದಳು. ಆಗ ಹೇಳಬಹುದಿತ್ತು. ಹೇಳಲಿಲ್ಲ. ಆಗ ಹೇಳಿದ್ದರೆ ಮಣ್ಣಿಗಾದರೂ ಹೋಗುತ್ತಿದ್ದಳು...

ಕಳೆದ ಭಾನುವಾರ ನಮ್ಮ ಬಾಗಿಲಿಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಆಗ ವಿದ್ಯಾನಗರದ ಹಾಸ್ಟೆಲಿನಿಂದ ಬರುತ್ತಿದ್ದವಳು, ಈಗ ಡಾಕ್ಟರು. ಇನ್ನೊಬ್ಬಳನ್ನು ನಾನು ಗುರುತಿಸಿದೆ, ಧಾರವಾಡದ ತಂಬೂರಿ ಹುಡುಗಿ. ಕೂದಲು ನೆರೆತಿದೆ. ಇಬ್ಬರ ಅಂಗಿಯ ಮೇಲೂ ಆ ಹಾಳು ಗೊಂಬೆ, ಅದೇ ನೇರಳೆ ಸೆರಗು. ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಿನ ಹೆಂಗಸರು. ಆ ಕಥೆಯನ್ನು ಪ್ರೀತಿಸುವವರು ದೇಶದೇಶಗಳಲ್ಲಿ ಇದ್ದಾರಂತೆ, ಫೋನಿನಲ್ಲಿ ಗುಂಪು ಕಟ್ಟಿಕೊಂಡಿದ್ದಾರಂತೆ, ವರ್ಷಕ್ಕೊಮ್ಮೆ ಗೊಂಬೆಗೆ ಹುಟ್ಟುಹಬ್ಬ ಮಾಡಿ ಕೇಕು ಕೊಯ್ಯುತ್ತಾರಂತೆ. ಇಂಗ್ಲಿಷಿನದು ಈಗ ಬೇಕಾದಷ್ಟು ಸಿಗುತ್ತದಂತೆ, ಹುಬ್ಬಳ್ಳಿಯ ಮಿಂಚವ್ವ ಮಾತ್ರ ಎಲ್ಲೂ ಇಲ್ಲವಂತೆ. ಬೇರೆ ಕೆಲಸವಿಲ್ಲವೇ ಎಂದು ಕೇಳಿದೆ. ನಕ್ಕರು. ಅಜ್ಜಿ ಚೂಟಿ ಅದಾರ ಎಂದರು. ನಾನು ಚೂಟಿತನಕ್ಕೆ ಕೇಳಿದ್ದಲ್ಲ.

ತಂಬೂರಿಯವಳು ಫೋನು ಹೊರಗೆ ತೆಗೆದಳು. ಆಗ ತನ್ನ ಪುಟ್ಟ ಟೇಪ್‌ರೆಕಾರ್ಡರಿನಲ್ಲಿ ಹಿಡಿದದ್ದರಲ್ಲಿ ಸ್ವಲ್ಪ ಉಳಿದಿದೆ, ಮೂರು ನಿಮಿಷ, ಚಿತ್ರವಿಲ್ಲ, ಬರೀ ಸದ್ದು ಎಂದಳು. ಹಚ್ಚಿದಳು. ಮೊದಲು ಗರಗರ. ಆಮೇಲೆ ಚಾಚಾನ ರಾಕ್ಷಸ. ಆಮೇಲೆ ಮಗಳು, ಹದಿನೈದರ ಮಗಳು. ಹಿಂದೆ ಪಟ್, ಪಟ್, ಪಟ್ ಎಂದು ನನ್ನ ಕೈ.

ಮಗಳು ಚಹಾದ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ಆ ರೊಟ್ಟಿಯ ಲಯ ಕೇಳುವುದಕ್ಕೇ ತಾನು ಬರುತ್ತಿದ್ದೆ ಎಂದು ತಂಬೂರಿಯವಳು ನನಗೆ ಹೇಳಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಡಾಕ್ಟರು ನಿಟ್ಟುಸಿರು ಬಿಟ್ಟು, “ಎಂಥಾ ಹುಂಬ ಮನಶ್ಯಾ ನೋಡ್ರಿ. ಇಂಥಾದ್ರ ಮ್ಯಾಲೆ ಯಾರದೋ ಮದುವಿ ತುಂಬಿದಾ,” ಎಂದಳು. ಮಗಳು ಹೌದು ಎಂದು ತಲೆಯಾಡಿಸಿದಳು.

ಅದೇ ತಲೆಯಾಡಿಕೆ. ನಾನು ಅವಳಿಗೆ ಕಲಿಸಿದ್ದು.

“ಅವ್ರು ಅಳಿಸಿಲ್ಲ,” ಎಂದೆ. “ನಾ ಕೊಟ್ಟೆ. ಪೇರಲ ತ್ವಾಟಕ್ಕ, ಗಿಳಿ ಕಾಯಾಕ. ತಿಳದ ಕೊಟ್ಟೆ.”

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ತಂಬೂರಿಯವಳು ಹೋಗುವಾಗ ಆ ಮೂರು ನಿಮಿಷವನ್ನು ಮಗಳ ಫೋನಿಗೆ ಹಾಕಿ ಹೋದಳು. ಬಾಗಿಲು ಹಾಕಿದ ಮೇಲೆ ಮಗಳು ಬಟ್ಟಲುಗಳನ್ನೆಲ್ಲ ಒಟ್ಟು ಮಾಡಿ ತೊಳೆದಳು. ಒಂದೊಂದನ್ನೂ ಪೂರ್ತಿ ತೊಳೆದಳು. ಒರೆಸಿಟ್ಟು, ನನ್ನ ಕಡೆ ನೋಡದೆ ಒಂದೇ ಪ್ರಶ್ನೆ ಕೇಳಿದಳು. “ಚಾಚಾಗ ಗೊತ್ತಿತ್ತ?”

ಗೊತ್ತಿತ್ತು ಎಂದೆ. ಸೈಕಲ್ಲಿನಲ್ಲಿ ನವಲೂರಿಗೆ ಹೋದದ್ದು, ಒಂದು ಮೊಳ ರೀಲು ಸುತ್ತಿಕೊಂಡು ಬಂದದ್ದು, ಗೋಡೆಯ ಮಾತು, ಎಲ್ಲ ಹೇಳಿದೆ. ಅವಳು ಗೂಟದ ಮೇಲಿನ ಸ್ಕೂಟರಿನ ಕೀಲಿ ತೆಗೆದುಕೊಂಡಳು. ನನ್ನ ನಾಲಿಗೆಗೆ ಹತ್ತಿದ ಚಟ, ಎಲ್ಲಿಗೆ ಹೊಂಟಿ ಎಂದುಬಿಟ್ಟೆ.

ಹೊಸ್ತಿಲ ಮೇಲೆ ತಿರುಗಿದಳು. ನಲವತ್ತರ ಹೆಂಗಸು, ಕಿವಿಯ ಹತ್ತಿರ ಬಿಳಿಕೂದಲು. “ಎಲ್ಲಿಗೆ ಅಂತ ಕೇಳಬ್ಯಾಡ,” ಎಂದಳು. ಉಳಿದ ಅರ್ಧ ಮಾತು ಹೇಳಲಿಲ್ಲ. ನಾನು ಕಾದೆ. ಸ್ಕೂಟರು ಓಣಿ ದಾಟಿದ ಸದ್ದು ಕೇಳಿಸಿತು.

ಹೊತ್ತು ಮುಳುಗುವ ಮೊದಲು ಬಂದಳು. ಈ ಬುಟ್ಟಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ನವಲೂರಿನ ಆ ಹೆಂಗಸು ಈಗ ಇಲ್ಲವಂತೆ, ಸೊಸೆ ಇದ್ದಾಳಂತೆ. ಹಳೆಯ ರೀಲನ್ನು ಸುತ್ತಿಟ್ಟುಕೊಂಡು ಇನ್ನೂ ಬುಟ್ಟಿ ಕಟ್ಟುತ್ತಾಳಂತೆ, ಸುತಳಿಗಿಂತ ಗಟ್ಟಿಯಂತೆ. ಇದು ಮಗಳು ನನಗೆ ಹೇಳಿದ್ದಲ್ಲ. ಮರುದಿನ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಚಾಚಿಯ ಮನೆಗೂ ಹೋಗಿದ್ದಳಂತೆ. ಅಲ್ಲಿ ಏನು ಮಾತಾಯಿತೋ ಅದನ್ನು ಅವಳಿಗೂ ಹೇಳಲಿಲ್ಲ.

ಮಿಂಚವ್ವನ ಮೇಲೆ ನನಗೆ ಈಗಲೂ ಪ್ರೀತಿ ಇಲ್ಲ. ಮುಗಿಯದ ಕಥೆ, ಕಪ್ಪು ತೊಳೆಯದ ಹುಡುಗಿ. ಆದರೆ ಈ ರೀಲಿನಲ್ಲಿ ಅವಳು ಇರಬಹುದು, ಮಗಳ ಗಂಟಲು ಇರಬಹುದು, ಚಾಚಾನ ನಾಯಿ ಬೊಗಳುತ್ತಿರಬಹುದು, ಇಲ್ಲವೇ ಬಿಟ್ಟು ಹೋದ ಯಾವಳದೋ ಮದುವೆ ಇರಬಹುದು. ನೋಡಿ ಹೇಳಬಲ್ಲ ಯಂತ್ರ ಈಗ ಓಣಿಯಲ್ಲಿಲ್ಲ. ಆ ಯಂತ್ರದ ಬೆನ್ನು ಬಿಚ್ಚಬಲ್ಲ ಮನುಷ್ಯನೂ ಇಲ್ಲ. ಇದ್ದಿದ್ದರೆ ಗೋಡೆ ದಾಟಿ ಹೋಗಿ ಕೇಳುತ್ತಿದ್ದೆ, ಅವರು ಟೊಪ್ಪಿಗೆ ತೆಗೆದು ಎದೆಗೆ ಹಿಡಿಯುತ್ತಿದ್ದರು.

ಆ ಅಂಗಡಿಯಲ್ಲಿ ಈಗ ಯಾರೋ ಸಿಮೆಂಟಿನ ಚೀಲ ತುಂಬಿದ್ದಾರೆ. ಇಂದು ಮುಂಜಾನೆ ರೊಟ್ಟಿ ಬಡಿಯುವಾಗ ಗೋಡೆಯ ಕಡೆ ಕಿವಿ ಕೊಟ್ಟೆ. ಆ ಕಡೆ ಏನೂ ಇರಲಿಲ್ಲ. ಮಗಳು ಕೆಲಸಕ್ಕೆ ಹೊರಟಳು. ನಾನು ಎಲ್ಲಿಗೆ ಎಂದು ಕೇಳಲಿಲ್ಲ.